ಪೇಟ ತೆಗೆದ ಶೇಖರಣ್ಣ

ಮಧ್ಯಾಹ್ನದ ಹೊತ್ತಿಗೆ ಠಾಕುರ್ಲಿಯಲ್ಲಿ ಲೋಕಲ್ ರೈಲುಗಾಡಿಗಳು ಅರ್ಧ ಖಾಲಿಯಾಗಿ ಹೋಗುತ್ತವೆ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರು, ಎದುರಿನ ಸೀಟಿನ ಮೇಲೆ ಕಾಲು ಚಾಚಿದವರು, ಯಾರಿಗೂ ಅವಸರವಿಲ್ಲ. ನಮ್ಮ ಶೇಖರಣ್ಣ ಮೂರನೇ ಮಾಳಿಗೆಯ ತಮ್ಮ ಮನೆಯ ಗ್ಯಾಲರಿಯಲ್ಲಿ ಕುಳಿತು ಆ ಗಾಡಿಗಳನ್ನು ನೋಡುತ್ತಾ ಕನಸಿಗೆ ಜಾರುತ್ತಿದ್ದರು. ಕಣ್ಣು ತೆರೆದೇ ಇರುತ್ತಿತ್ತು. ಆದರೆ ಅವರಿಗೆ ಕಾಣುತ್ತಿದ್ದುದು ಬೆಳಗಿನ ಒಂದು ಅಡುಗೆಮನೆ. ದೊಡ್ಡ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆ, ಹಬೆಯೊಳಗೆ ಓಡಾಡುವ ಬಿಳಿ ಬನಿಯನ್ನುಗಳು, ಕೊತ್ತಂಬರಿ ಹುರಿಯುವ ಪರಿಮಳ. ಅಲ್ಲಿ ನಡುವೆ ನಿಂತು ಅವರು ಏನೋ ಹೇಳುತ್ತಿದ್ದರು, ಎಲ್ಲರೂ ಕೇಳುತ್ತಿದ್ದರು.

ಅಷ್ಟರಲ್ಲಿ ಫಾಸ್ಟ್ ಗಾಡಿಯೊಂದು ಧಡಧಡನೆ ಹೋಗುತ್ತಿತ್ತು. ಹಬೆಯೂ ಹೋಗುತ್ತಿತ್ತು.

ಶೇಖರಣ್ಣ, ಅಂದರೆ ಶೇಖರ ಪೂಜಾರಿ, ಮೀಸೆ ಚಿಗುರುವ ಮೊದಲೇ ಉಡುಪಿ ಕಡೆಯಿಂದ ಬಂದು ಹೊಟೇಲಿಗೆ ಸೇರಿದವರು. ಉಲ್ಹಾಸನಗರದ ಒಂದು ಹೊಟೇಲಿನಲ್ಲಿ ಮ್ಯಾನೇಜರ್ ಆಗಿ ತಲೆ ನರೆಯಿತು. ಹೋದ ವರ್ಷ ಆ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು ಹೊರಟರು. ಹೊಟೇಲು ಮುಚ್ಚಿತು, ಶೇಖರಣ್ಣ ಮನೆಗೆ ಬಂದರು. ಆಮೇಲೆ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ.

ಕಲ್ಯಾಣದಲ್ಲಿ ಬಾರ್ ಇಟ್ಟಿರುವ ಭಾವ ಮಾತ್ರ, "ನಮ್ಮಲ್ಲಿ ಗಲ್ಲದ ಮೇಲೆ ಕೂತ್ಕೊಳ್ಳಿ, ಬಿಲ್ಲಿನ ದುಡ್ಡು ತಗೊಂಡ್ರೆ ಸಾಕು, ಬೇರೆ ಎಂಥ ಕೆಲಸವೂ ಇಲ್ಲ" ಎಂದಿದ್ದರು. ಬೇರೆ ಎಂಥ ಕೆಲಸವೂ ಇಲ್ಲ ಎಂಬುದೇ ಶೇಖರಣ್ಣನ ಸಂಕಟ. ಅವರಿಗೆ ಅಡುಗೆಮನೆ ಬೇಕಿತ್ತು. ಇನ್ನೊಮ್ಮೆ ಬೆಳಗಿನ ಜಾವ ಬೆಂಕಿ ಹೊತ್ತಿಸುವ ಜಾಗದಲ್ಲಿ ನಿಲ್ಲಬೇಕಿತ್ತು. ಹೆಂಡತಿ ಸುಂದರಿ ಪಕ್ಕದ ಮನೆಯವರಲ್ಲಿ ಹೇಳುತ್ತಿದ್ದಳು, "ಇವರು ಮನೆಯಲ್ಲೇ ಇದ್ದಾರೆ ಮಾರಾಯ್ತಿ, ಆದರೆ ಮನೆಯಲ್ಲಿ ಇಲ್ಲ."

ಪಕ್ಕದ ಮನೆಯ ನಿಶ್ಮಿತಾ ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕಂಪೆನಿಗಳಿಗೆ ಬೇಕಾದ ಜನರನ್ನು ಹುಡುಕಿ ಕೊಡುವ ಆಫೀಸು ಅದು. ಒಂದು ದಿನ ಅವಳೇ ಒಳ್ಳೆಯ ಸುದ್ದಿ ತಂದಳು. ಕೋಪರಖೈರಣೆಯ ಹೊಸ ಆಸ್ಪತ್ರೆಯೊಂದರ ಕ್ಯಾಂಟೀನಿಗೆ ಮ್ಯಾನೇಜರ್ ಬೇಕಾಗಿದ್ದಾರೆ. ಶೇಖರಣ್ಣನ ಹೆಸರು ಕಳಿಸಿದಳು. ಅಂದಿನಿಂದ ಗ್ಯಾಲರಿಯ ಕನಸಿಗೆ ಒಂದು ವಿಳಾಸ ಸಿಕ್ಕಿತು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕಾದು ಕುಳಿತವರು ಬೆಳಕು ಹರಿಯುವಾಗ ಮೆಟ್ಟಿಲಿಳಿದು ಬರುತ್ತಾರೆ, ಶೇಖರಣ್ಣ ಅವರ ಕೈಗೆ ಬಿಸಿ ಚಹಾ ಕೊಡುತ್ತಾರೆ. ಅವರು ಕುಡಿಯುತ್ತಾರೆ, ಮಾತಾಡುವುದಿಲ್ಲ. ಎಷ್ಟು ಚೆನ್ನಾಗಿತ್ತು ಆ ಕನಸು.

ಆದರೆ ಆಸ್ಪತ್ರೆಯಿಂದ ಕರೆ ಬರಲಿಲ್ಲ. ನಿಶ್ಮಿತಾ ವಿಚಾರಿಸಿಕೊಂಡು ಬಂದಳು. ಬಂದವಳು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರವೇ ನಿಂತಳು.

"ಎಂಥ ಹೇಳಿದ್ರು?" ಎಂದಳು ಸುಂದರಿ.

"ಅಲ್ಲಿ ಜನ ಆರಿಸುವವರು ಮುಕ್ತಾ ಮೇಡಂ ಅಂತ. ಅವರು ಶೇಖರ ಮಾವನ ಹೆಸರು ಹಾಕಿ ಮೊಬೈಲಲ್ಲಿ ಹುಡುಕಿದ್ರಂತೆ. ಈಗ ಎಲ್ಲರೂ ಮೊದಲು ಅದನ್ನೇ ಮಾಡುದು. ಹುಡುಕಿ ನೋಡಿ, 'ಇವರು ಯಾರೋ ಲೀಡರ್ ಹಾಗೆ ಕಾಣ್ತಾರೆ, ಕ್ಯಾಂಟೀನಲ್ಲಿ ಕೆಲಸ ಮಾಡುವವರ ಹಾಗೆ ಕಾಣುದಿಲ್ಲ' ಅಂದ್ರಂತೆ."

"ಲೀಡರಾ? ನಾನಾ?" ಎಂದರು ಶೇಖರಣ್ಣ.

ನಿಶ್ಮಿತಾ ಮೊಬೈಲ್ ಚಾಚಿದಳು. ಎಲ್ಲರೂ ಬಗ್ಗಿ ನೋಡಿದರು.

ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು ಹೇಳಲೇಬೇಕು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಊರ ಕಡೆಯವರ ಯಾವ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ಸನ್ಮಾನ ಇದ್ದೇ ಇರುತ್ತದೆ. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಸನ್ಮಾನ ಪತ್ರ ಓದುವವರಿಗಂತೂ ವಿಶೇಷಣಗಳ ಬರ ಎಂದೂ ಬಂದದ್ದಿಲ್ಲ. ಹಾಗೆ ಓದುವುದು ನಮ್ಮ ಪ್ರೀತಿ, ತಪ್ಪಲ್ಲ. ಹೊಟೇಲು ಮುಚ್ಚುವ ಮೊದಲು ಶೇಖರಣ್ಣನಿಗೂ ಡೊಂಬಿವಲಿಯಲ್ಲಿ ಒಂದು ಸನ್ಮಾನ ಆಗಿತ್ತು. ಕೆಲಸ ಹೋದ ಮೇಲೆ ಮಗ ಶೈಲೇಶ್ ಉತ್ಸಾಹದಿಂದ ಉದ್ಯೋಗದ ಜಾಲತಾಣದಲ್ಲಿ ಅಪ್ಪನ ಹೆಸರಲ್ಲಿ ಪುಟ ತೆರೆದು ಅದೇ ಫೋಟೊ ಹಾಕಿದ್ದ. ವೇದಿಕೆ ತುಂಬ ಜನ, ಎಲ್ಲರ ತಲೆಯಲ್ಲೂ ಪೇಟ, ಶೇಖರಣ್ಣ ಯಾರೆಂದು ಸುಂದರಿಗೂ ತಕ್ಷಣ ಗುರುತಾಗಲಿಲ್ಲ. ಕೆಳಗೆ ಸನ್ಮಾನ ಪತ್ರದ ಸಾಲುಗಳನ್ನೇ ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದ. ಹೋಟೆಲ್ ಉದ್ಯಮದ ಧ್ರುವತಾರೆ, ಕೊಡುಗೈ ದಾನಿ, ಸಮಾಜದ ಕಣ್ಮಣಿ. ಎಷ್ಟು ಓದಿದರೂ ಈ ಧ್ರುವತಾರೆಗೆ ಯಾವ ಕೆಲಸ ಗೊತ್ತು ಎಂದು ಮಾತ್ರ ತಿಳಿಯುತ್ತಿರಲಿಲ್ಲ.

"ಕ್ಯಾ ಪಪ್ಪಾ, ಅಚ್ಛಾ ಲಗಾ ಇಸ್ಲಿಯೇ ಡಾಲಾ," ಎಂದು ಶೈಲೇಶ್ ತಲೆ ಕೆರೆದುಕೊಂಡ. ಚೆನ್ನಾಗಿ ಕಂಡದ್ದಕ್ಕೆ ಹಾಕಿದ್ದಂತೆ.

"ಇನ್ನೊಂದು ಉಂಟು," ಎಂದಳು ನಿಶ್ಮಿತಾ. ಹಿಂದೆ ಯಾರೋ ಗಿರಾಕಿ ಅಂತರ್ಜಾಲದಲ್ಲಿ, ಹೊಟೇಲಿನ ಸಾಂಬಾರು ಸಿಹಿಯಾಯಿತೆಂದು ಬರೆದಿದ್ದ. ಅದರ ಕೆಳಗೆ ಶೇಖರಣ್ಣ ತನ್ನ ಹೆಸರಲ್ಲೇ ಉತ್ತರ ಕೊಟ್ಟಿದ್ದರು, ನಾಲಿಗೆ ಸರಿ ಇಲ್ಲದವರು ವಡಾಪಾವ್ ತಿಂದುಕೊಂಡು ಇರಲಿ ಎಂದು. ಅದೂ ಅಲ್ಲೇ ಇತ್ತು.

ಶೇಖರಣ್ಣನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ಇದೆಲ್ಲ ನಂಗೆ ಆಗುವ ಕೆಲಸ ಅಲ್ಲ. ನಮ್ಮ ಬಗ್ಗೆ ಬೇರೆಯವರು ಹೇಳ್ಬೇಕು. ನಾನು ಹಾಗೆ, ನಾನು ಹೀಗೆ ಅಂತ ನಾವೇ ಹೇಳ್ಕೊಳ್ಳುದಾ? ಉಲ್ಹಾಸನಗರ ಬಜಾರಲ್ಲಿ ಕೇಳ್ಲಿ, ಶೇಖರ ಯಾರು ಅಂತ."

"ಮುಕ್ತಾ ಮೇಡಂ ಉಲ್ಹಾಸನಗರಕ್ಕೆ ಬರುದಿಲ್ಲ ಮಾವ. ಬಂದ್ರೂ ಈಗ ಅಲ್ಲಿ ಹೊಟೇಲೇ ಇಲ್ಲ."

ಆ ಮಾತು ಶೇಖರಣ್ಣನನ್ನು ನಿಜವಾಗಿ ಚುಚ್ಚಿತು.

ನಿಶ್ಮಿತಾ ಮೆಲ್ಲಗೆ ಕೇಳಿದಳು, "ನಿಮ್ಮ ಹೊಟೇಲಿನ ಹೊರಗೆ ಬೋರ್ಡ್ ಇತ್ತಲ್ಲ, ಬೆಳಿಗ್ಗೆ ಆರಕ್ಕೆ ಬಾಗಿಲು, ಇಡ್ಲಿ, ಬನ್ಸ್, ನೀರುದೋಸೆ ಸಿಗ್ತದೆ ಅಂತ. ಅದು ಜಂಬವಾ?"

"ಅದು ಹೇಗೆ ಜಂಬ ಆಗ್ತದೆ? ದಾರಿಯಲ್ಲಿ ಹೋಗುವವರಿಗೆ ಗೊತ್ತಾಗ್ಬೇಡ್ವಾ?"

"ಇದೂ ಅಷ್ಟೇ. ಅಲ್ಲಿ ಇಲ್ಲದ್ದು ಬರೆದ್ರೆ ಸುಳ್ಳು. ಇದ್ದದ್ದು ಬರೆದ್ರೆ ಬೋರ್ಡ್. ನೀವು ಪೇಟ ತೆಗೀರಿ, ಬೋರ್ಡ್ ಹಾಕಿ. ಅವರು ಇನ್ನೂ ಯಾರನ್ನೂ ತೆಗೊಳ್ಲಿಲ್ಲ. ಮುಂದಿನ ವಾರ ಇನ್ನೊಮ್ಮೆ ನೋಡಿ ಅಂತ ನಾನು ಕೇಳ್ಕೊಂಡು ಬಂದಿದ್ದೇನೆ."

ಸುಂದರಿ ಒಳಗೆ ಹೋಗಿ ತಿಳಿನೀಲಿ ಅಂಗಿಗೆ ಇಸ್ತ್ರಿ ಹಾಕತೊಡಗಿದಳು. ಶೇಖರಣ್ಣ ಒಪ್ಪಿದ್ದಾರೆ ಎಂದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಗ್ಯಾಲರಿಯಲ್ಲೇ ಫೋಟೊ ತೆಗೆದರು. ಎಳೆ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಹಿಂದೆ ಖಾಲಿ ಗೋಡೆ. "ಕ್ಯಾಮೆರಾ ನೋಡಿ ಮಾವ, ಎದುರಿಗೆ ಗಿರಾಕಿ ಬಂದಿದ್ದಾರೆ ಅಂತ ತಿಳ್ಕೊಳ್ಳಿ," ಎಂದಳು ನಿಶ್ಮಿತಾ. ಅಷ್ಟು ಹೇಳಿದ್ದೇ ತಡ, ಶೇಖರಣ್ಣನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಒಂದು ನಗು ಬಂತು. ಸುಂದರಿ ಬಾಗಿಲಲ್ಲಿ ನಿಂತು ನೋಡಿದಳು. ಮದುವೆಯಾದ ಹೊಸದರಲ್ಲಿ ಅವಳು ಹೊಟೇಲಿಗೆ ಹೋದಾಗ ಗಲ್ಲದ ಹಿಂದಿನಿಂದ ಅವರು ನಕ್ಕದ್ದು ಹೀಗೆಯೇ. ಅವಳಿಗೆ ಕಣ್ಣು ತುಂಬಿತು.

ಆಮೇಲೆ ನಿಶ್ಮಿತಾ ಕೇಳುತ್ತಾ ಹೋದಳು, ಬೆಳಿಗ್ಗೆ ಬಂದ ಕೂಡಲೇ ಏನು ಮಾಡುತ್ತಿದ್ದಿರಿ, ಸಾಮಾನು ಯಾರು ತರುತ್ತಿದ್ದರು, ಹುಡುಗರು ರಜೆ ಹಾಕಿದರೆ ಹೇಗೆ ಸುಧಾರಿಸುತ್ತಿದ್ದಿರಿ. ಶೇಖರಣ್ಣ ಕಣ್ಣು ಅರೆಮುಚ್ಚಿ ಹೇಳುತ್ತಾ ಹೋದರು. ಹೇಳುತ್ತಿದ್ದಂತೆ ಹಬೆ, ಪರಿಮಳ, ಪಾತ್ರೆಗಳ ಸದ್ದು ಎಲ್ಲ ಆ ಚಿಕ್ಕ ಕೋಣೆಯೊಳಗೆ ಬಂದ ಹಾಗಿತ್ತು. ಅವಳು ಅದನ್ನೆಲ್ಲ ಸೋಸಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದಳು. ಎಲ್ಲಿ ಕೆಲಸ ಮಾಡಿದ್ದು, ಏನು ನೋಡಿಕೊಳ್ಳುತ್ತಿದ್ದದ್ದು, ಯಾವ ಭಾಷೆ ಬರುತ್ತದೆ, ಈಗ ಎಂಥ ಕೆಲಸ ಬೇಕು. ಅಷ್ಟೇ.

"ಡಿಗ್ರಿ ಅಂತ ಒಂದು ಹಾಕ್ಲಾ?" ಎಂದ ಶೈಲೇಶ್.

"ಬೇಡ. ಹತ್ತನೇ ಅಂತ ಹಾಕು. ಇಲ್ಲದ್ದು ಹಾಕಿದ್ರೆ ಅಲ್ಲಿ ಹೋಗಿ ನಾನು ಎಂಥ ಉತ್ತರ ಕೊಡುದು?" ಎಂದರು ಶೇಖರಣ್ಣ.

ನಿಶ್ಮಿತಾ ಇನ್ನೂ ಕೆಲವು ಕೆಲಸ ಮಾಡಿಸಿದಳು. ಒಂದು ಕಡೆ ಶೇಖರ್ ಪಿ, ಇನ್ನೊಂದು ಕಡೆ ಶೇಖರಣ್ಣ ಉಡುಪಿ ಎಂದಿದ್ದ ಹೆಸರುಗಳನ್ನು ಎಲ್ಲ ಕಡೆ ಒಂದೇ ಮಾಡಿಸಿದಳು. ಮೊಮ್ಮಗುವಿನ ಹುಟ್ಟುಹಬ್ಬದ ಫೋಟೊಗಳು ಮನೆಯವರಿಗೆ ಮಾತ್ರ ಕಾಣುವಂತೆ ಇಡಿಸಿದಳು. ಮನೆ ನಂಬರು, ಆಧಾರ್ ಕಾರ್ಡಿನ ಫೋಟೊ ಎಲ್ಲ ತೆಗೆಸಿದಳು. ಸಾಂಬಾರಿನ ಉತ್ತರವನ್ನು ಸುಮ್ಮನೆ ಅಳಿಸಿಬಿಡೋಣ ಎಂದ ಶೈಲೇಶ್. ಶೇಖರಣ್ಣ ಒಪ್ಪಲಿಲ್ಲ. ಹಳೆಯದನ್ನು ಅಳಿಸಿ, ಅದೇ ಜಾಗದಲ್ಲಿ ಹೀಗೆ ಬರೆಸಿದರು: "ಅಂದು ನಾನು ಹಾಗೆ ಉತ್ತರ ಕೊಡಬಾರದಿತ್ತು. ಕ್ಷಮಿಸಿ. ನಮ್ಮ ಕಡೆಯ ಸಾಂಬಾರಿಗೆ ಬೆಲ್ಲ ಹಾಕುತ್ತೇವೆ, ಬಡಿಸುವ ಮೊದಲೇ ಅದನ್ನು ಹೇಳಬೇಕಿತ್ತು."

ಉಳಿದದ್ದು ಒಂದೇ. ಜೊತೆಗೆ ಕೆಲಸ ಮಾಡಿದ ಯಾರಾದರೂ ಆ ಪುಟದಲ್ಲಿ ಎರಡು ಮಾತು ಬರೆಯಬೇಕು. ಇದಕ್ಕೆ ಮಾತ್ರ ಶೇಖರಣ್ಣ ಬಗ್ಗಲಿಲ್ಲ. "ಹೊಗಳಿ ಅಂತ ಬೇಡ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ಎದ್ದು ಸ್ನಾನಕ್ಕೆ ಹೋದರು. ನೀರಿನ ಸದ್ದು ಕೇಳಿದ ಮೇಲೆ ಸುಂದರಿ ಮೊಬೈಲ್ ತೆಗೆದುಕೊಂಡು ಕಲ್ಯಾಣದ ಚೆನ್ನಯನಿಗೆ ಫೋನ್ ಮಾಡಿದಳು. ಶೇಖರಣ್ಣನ ಹೊಟೇಲಿನಲ್ಲಿ ಬಹಳ ಕಾಲ ಟೇಬಲ್ ಒರೆಸಿ, ಈಗ ಸ್ವಂತ ಜ್ಯೂಸ್ ಅಂಗಡಿ ಇಟ್ಟವನು ಅವನು. ಹೊಗಳುವುದು ಬೇಡ, ನೋಡಿದ್ದನ್ನು ಬರೆ ಸಾಕು ಎಂದಳು.

ಮುಂದಿನ ವಾರ ಕರೆ ಬಂತು. ಶೇಖರಣ್ಣ ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಕಡೆಯ ಲೋಕಲ್ ಹಿಡಿದರು. ಬೆಟ್ಟದ ಮಗ್ಗುಲಿನಲ್ಲಿ ಗಾಡಿ ಹೋಗುತ್ತಿತ್ತು. ಇಂದು ಆಗದಿದ್ದರೆ ಭಾವನ ಗಲ್ಲವೇ ಗತಿ ಎಂದು ಅವರಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಮುಕ್ತಾ ಮೇಡಂ ಕಂಪ್ಯೂಟರ್ ಪರದೆ ನೋಡಿದರು, ಎದುರಿಗಿದ್ದ ಮುಖ ನೋಡಿದರು, ಅದೇ ಮನುಷ್ಯ ಎಂದು ಖಾತ್ರಿಯಾದಂತೆ ತಲೆ ಆಡಿಸಿದರು. ಕೆಲಸದ ಬಗ್ಗೆ ಹಿಂದಿಯಲ್ಲಿ ಕೆಲವು ಪ್ರಶ್ನೆ ಕೇಳಿದರು. ಆಮೇಲೆ, "ಚೆನ್ನಯ ಅನ್ನುವವರು ಒಂದು ಮಾತು ಬರೆದಿದ್ದಾರೆ, ಓದಲಾ?" ಎಂದರು.

ಶೇಖರಣ್ಣ ಗಾಬರಿಯಾದರು. ಮೇಡಂ ಓದಿದರು: "ಬೇರೆ ಹೊಟೇಲಿನಲ್ಲಿ ಮ್ಯಾನೇಜರ್ ಮೊದಲು ಊಟ ಮಾಡುತ್ತಾರೆ. ಶೇಖರಣ್ಣ ನಮಗೆಲ್ಲ ಆದ ಮೇಲೆ ಮಾಡುತ್ತಿದ್ದರು. ಸಾಂಬಾರು ಮುಗಿದಿದ್ದರೆ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು. ನಮಗಾಗಿ ತ್ಯಾಗ ಮಾಡಿದವರು."

ಇಷ್ಟು ವರ್ಷ ಒಬ್ಬ ಹುಡುಗ ತನ್ನ ತಟ್ಟೆಯನ್ನು ನೋಡಿ ನೆನಪಿಟ್ಟುಕೊಂಡಿದ್ದಾನೆ ಎಂದು ಶೇಖರಣ್ಣನಿಗೆ ಗೊತ್ತೇ ಇರಲಿಲ್ಲ.

"ಇದು ನಿಜವಾ?" ಎಂದರು ಮೇಡಂ.

"ಕೊನೆಗೆ ಉಣ್ಣುತ್ತಿದ್ದದ್ದು ನಿಜ ಮೇಡಂ. ತ್ಯಾಗ ಅಂದದ್ದು ಸರಿಯಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆ ನೋಡಿದರೆ ನಾಳೆ ಎಷ್ಟು ಮಾಡಬೇಕು ಅಂತ ಗೊತ್ತಾಗ್ತದೆ. ಆ ಹುಡುಗರಿಗೆ ಸಾಕಾಯ್ತಾ ಇಲ್ವಾ ಅಂತಲೂ ಗೊತ್ತಾಗ್ತದೆ. ಮತ್ತೆ, ಮಜ್ಜಿಗೆ ಅನ್ನ ನನಗೆ ಇಷ್ಟ."

ಮುಕ್ತಾ ಮೇಡಂ ನಕ್ಕುಬಿಟ್ಟರು. ಕುರ್ಚಿಯಿಂದ ಎದ್ದು, "ಬನ್ನಿ, ನಿಮ್ಮ ಅಡುಗೆಮನೆ ತೋರಿಸುತ್ತೇನೆ" ಎಂದರು.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ಇಂದು ಕೈ ಬಿಡುವಾದಾಗ ನಿಮ್ಮ ಹೆಸರನ್ನು ನೀವೇ ಒಮ್ಮೆ ಮೊಬೈಲಿನಲ್ಲಿ ಹುಡುಕಿ. ಅಲ್ಲಿ ಯಾರು ಕಾಣುತ್ತಾರೆ? ಹೊಲಿಗೆ ಮಾಡುವವರಿರಬಹುದು, ಟ್ಯೂಷನ್ ಹೇಳುವವರಿರಬಹುದು, ಅಡುಗೆಯವರಿರಬಹುದು, ನಿಮ್ಮ ಕೆಲಸ ಅಲ್ಲಿ ನಿಮ್ಮ ಮುಖದೊಂದಿಗೆ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಮಾಡಿ. ಹೆಚ್ಚು ಮಾಡಿ ಬರೆಯಬೇಡಿ, ನಾಚಿ ಬಿಟ್ಟೂ ಬಿಡಬೇಡಿ. ಪುಟ ಮಾಡಿಕೊಡುತ್ತೇವೆ, ಕೆಲಸ ಖಂಡಿತ ಎಂದು ಹಣ ಕೇಳುವವರಿಂದ ದೂರವಿರಿ. ಸಿಟ್ಟು ಬಂದಾಗ ಮೊಬೈಲ್ ಕೆಳಗಿಡಿ. ಮತ್ತೆ, ನಿಮ್ಮ ಜೊತೆ ದುಡಿದವರ ಬಗ್ಗೆ ನಿಮಗೂ ಏನಾದರೂ ಗೊತ್ತಿರುತ್ತದೆ. ಅವರು ಕೇಳುವ ಮೊದಲೇ ಎರಡು ಸಾಲು ಬರೆದುಬಿಡಿ. ಅವರಿಗೆ ಕೇಳಲು ನಾಚಿಕೆ ಇರಬಹುದು.