ಕಾಯಿಸಿಟ್ಟ ಜೀಪು

ಸರದಾರ ಜೀಪಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟವನು ಚುರ್ರೆಂದಿದ್ದಕ್ಕೆ ಕೈ ಹಿಂದಕ್ಕೆಳೆದುಕೊಂಡ. ಗಾಡಿ ಬೇವಿನ ನೆರಳಲ್ಲಿತ್ತು. ಇದು ಬಿಸಿಲಿನ ಕಾವಲ್ಲ.

"ಎಲ್ಲಿಗರೆ ಹೋಗಿ ಬಂದೀರೇನ್ರಿ?"

"ಇಲ್ಲರಿ. ನಿನ್ನಿಂದ ಇಲ್ಲೇ ನಿಂತೈತಿ" ಎಂದ ಶ್ರೀಶೈಲಪ್ಪ, ವಿಭೂತಿಯ ಹಣೆಯಲ್ಲಿ ಒಂದು ಗೆರೆಯೂ ಅಲುಗದಂತೆ. "ಹತ್ತಿ ಕಿಲ್ಲಿ ತಿರುವ್ರಿ. ಒಂದ ಸಲಕ್ಕ ಚಾಲೂ ಆಗ್ತೈತಿ."

ಆಯಿತು ಕೂಡ. ವಳಸಂಗದ ಶ್ರೀಶೈಲಪ್ಪ ಸುಳ್ಳಾಡುವವನಲ್ಲ ಎಂದು ಕೇಳಿಯೇ ದನದ ವ್ಯಾಪಾರಿ ಸರದಾರ ತಿಕೋಂಡಿಯಿಂದ ಈ ಗಿಡ್ಡ ಸೆಕೆಂಡ್ ಹ್ಯಾಂಡ್ ಜೀಪು ನೋಡಲು ಬಂದಿದ್ದ. ಅವನಿಗೆ ಬಣ್ಣ ಬೇಕಿರಲಿಲ್ಲ, ಮೆತ್ತನೆಯ ಸೀಟು ಬೇಕಿರಲಿಲ್ಲ. ಎಬ್ಬಿಸಿದಾಗ ಏಳುವ ಗಾಡಿ ಬೇಕಿತ್ತು. ಹೋದ ವರ್ಷ ಸೊಸೆ ಮುಸರತಳಿಗೆ ನೋವು ಬಂದಾಗ ಬಾಡಿಗೆ ಗಾಡಿ ಚಾಲೂ ಆಗದೆ, ಅಂಗಳ ದಾಟುವ ಮೊದಲೇ ಕೂಸು ಹೋಗಿತ್ತು. ಈಗ ಅವಳಿಗೆ ಮತ್ತೆ ಒಂಬತ್ತು ತಿಂಗಳು.

ಸರದಾರ ಗಾಡಿ ಬಂದ್ ಮಾಡಿ ಕಟ್ಟೆಯ ಮೇಲೆ ಕುಳಿತ.

"ಕಾದ ಇಂಜಿನ್ ಯಾವದರೆ ಏಳ್ತೈತಿ. ತಣ್ಣಗಾಗ್ಲಿರಿ. ಆಮ್ಯಾಲ ನೋಡ್ತೀನಿ."

"ನನ್ನ ಮ್ಯಾಲ ನಂಬಗಿ ಇಲ್ಲೇನು?"

"ನಿಮ್ಮ ಮ್ಯಾಲ ಐತ್ರಿ. ಅದರ ಮ್ಯಾಲ ಇಲ್ಲ."

ಎರಡು ಸಲ ಚಹಾ ಬಂತು. ಮೂರು ತಾಸು ಅವನು ಕದಲಲಿಲ್ಲ. ಬಳಿಕ ಕೀಲಿ ತಿರುವಿದರೆ ಜೀಪು ಗೂರಲು ರೋಗಿಯ ಹಾಗೆ ಕೆಮ್ಮಿ, ಕಪ್ಪು ಹೊಗೆ ಕಾರಿ ಸತ್ತಿತು. ಮತ್ತೆ ತಿರುವಿದ. ಮತ್ತೆ ಸತ್ತಿತು. ಏಳನೆಯ ಸಲಕ್ಕೆ ಕೆಮ್ಮೂ ಇಲ್ಲ.

"ಮುಂಜಾನಿ ಓಡಿಸಿ ಕಾಸಿಟ್ಟೀರಿ. ಬಸರಿ ಹೆಣ್ಮಗಳ ಸಲುವಾಗಿ ಗಾಡಿ ಬೇಕಂತ ಹೇಳಿದ್ದೆ ನಿಮಗ. ಎಂಥಾ ಹೊಲಸ ಕೆಲಸ ಇದು."

ಶ್ರೀಶೈಲಪ್ಪ ನಾಚಲಿಲ್ಲ, ನಕ್ಕ. "ನೀವು ದನದ ವ್ಯಾಪಾರಿ. ಸಂತಿಗಿ ಆಕಳಾ ಹಿಂಡಿಕೊಂಡ ತರ್ತೀರೇನು? ಎರಡ ಹೊತ್ತ ಹಿಂಡದ, ಕೆಚ್ಚಲಾ ಉಬ್ಬಿಸಿ ನಿಲ್ಲಸ್ತೀರಿ. ಹಂಗ ಇದೂ."

ಬಾಯಿಗೆ ಬಂದಿದ್ದ ಬೈಗುಳ ಸರದಾರನ ಬಾಯಲ್ಲೇ ಹಳಸಿತು. ಆ ನಗು ಅವನಿಗೆ ಗುರುತಿನದು. ಗಿರಾಕಿ ಬಗ್ಗಿ ಕೆಚ್ಚಲು ಮುಟ್ಟುವಾಗ ತಾನು ನಗುವ ನಗು. ಜೀಪಿನಿಂದ ಇಳಿದು, ಉಗುಳಿ, ನಡೆದ.

ಊರು ದಾಟುವಷ್ಟರಲ್ಲಿ ಹಿಂದೆ ಸದ್ದಾಯಿತು. ನಾಲ್ಕು ಮಂದಿ ನೂಕಿ ಚಾಲೂ ಮಾಡಿಕೊಟ್ಟಿರಬೇಕು. ಜೀಪು ಪಕ್ಕಕ್ಕೆ ಬಂದು ಅವನ ನಡಿಗೆಗೆ ಸರಿಯಾಗಿ ತೆವಳತೊಡಗಿತು.

"ಸಿಟ್ಟ ಬ್ಯಾಡ್ರಿ. ಬಸ್ಸ ಸಂಜಿಗಿ ಐತಿ. ಹತ್ತರಿ, ತಿಕೋಂಡಿತನಾ ಬಿಡ್ತೀನಿ. ರೇಟಿನಾಗ ಹಿಂದಮುಂದ ಮಾಡೂಣು."

ಸರದಾರ ತಿರುಗಿ ನೋಡಲಿಲ್ಲ. ರಸ್ತೆ ಬಿಟ್ಟು, ಜಾಲಿಯ ಕಂಟಿ ಸರಿಸಿ, ಕುಸುಬೆಯ ಹೊಲದ ಬದುವಿಗಿಳಿದ. ಮುಳ್ಳು ಪೈಜಾಮಕ್ಕೆ ತೊಡರಿ ಪರ್ರೆಂದಿತು. ಹಿಂದೆ ರಸ್ತೆಯ ಮೇಲೆ ಜೀಪು ಗುಡುಗುಡು ಎನ್ನುತ್ತಲೇ ನಿಂತಿತ್ತು. ಅದನ್ನು ಬಂದ್ ಮಾಡುವ ಧೈರ್ಯ ಶ್ರೀಶೈಲಪ್ಪನಿಗೂ ಇರಲಿಲ್ಲ.