ಎರಡನೆಯ ತೋಳು

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅತ್ತೆಯದು, ಯಂತ್ರ ನನ್ನದು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಈ ಗಡಿಯನ್ನು ನಾನು ದಾಟಿದ್ದು ಒಂದೇ ಒಂದು ಸಲ. ಆ ಸಾಹಸದ ಗುರುತು ಇಸ್ತ್ರಿ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು: ನೀಲಿ ಕೋಟಿನ ಒಂದು ಎಡತೋಳು.

ಬಟ್ಟೆ ಧಾರಾಳವಾಗಿದ್ದರೆ ಮಡಚಿ ಕತ್ತರಿಸಬಹುದು, ಎರಡು ತೋಳೂ ಒಟ್ಟಿಗೆ ಬರುತ್ತವೆ. ಬಟ್ಟೆ ಕಡಿಮೆಯಿದ್ದರೆ ಬಿಡಿಸಿ ಹಾಸಿ ಒಂದೊಂದನ್ನೇ ಕತ್ತರಿಸಬೇಕು. ಮೊದಲ ತೋಳಾದ ಮೇಲೆ ಕಾಗದದ ನಮೂನೆಯನ್ನು ಮಗುಚಿ ಹಾಕಬೇಕು. ಇಷ್ಟೇ ವಿದ್ಯೆ. ಅತ್ತೆ ಎದುರಿಗೇ ಕೂತು ಗುಂಡಿ ಹಚ್ಚುತ್ತಿದ್ದರು. ನಾನು ಮಗುಚಲಿಲ್ಲ. ಅಂಚೆ ಕಚೇರಿಯ ಗುಮಾಸ್ತರ ಕೋಟಿಗೆ ಎರಡು ಎಡತೋಳುಗಳು ತಯಾರಾದವು. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎರಡು ದಿನ ಅತ್ತು ಮರೆತುಬಿಡುತ್ತಿದ್ದೆ. ಬೇರೆ ಬಟ್ಟೆ ತಂದು ತಾವೇ ಹೊಲಿದುಕೊಟ್ಟು, ಹೆಚ್ಚಾದ ತೋಳನ್ನು ಇಸ್ತ್ರಿಪೆಟ್ಟಿಗೆ ಒರೆಸುವುದಕ್ಕೆಂದು ಮೊಳೆಗೆ ನೇತುಹಾಕಿದರು. ಅಂದಿನಿಂದ ನನ್ನ ಹೆಸರು ‘ಎಡಗೈ’. ಮೊದಲು ನಮ್ಮನೆಯವರು ಕರೆದರು, ಆಮೇಲೆ ಪಕ್ಕದ ಚಪ್ಪಲಿ ರಿಪೇರಿಯವರು, ಆಮೇಲೆ ಇಡೀ ಬೀದಿ. ನಾನು ಬರೆಯುವುದು, ತಿನ್ನುವುದು, ಕೋಪ ಬಂದಾಗ ಮೇಜು ಗುದ್ದುವುದು ಎಲ್ಲ ಬಲಗೈಯಲ್ಲೇ ಎಂದು ಯಾರಿಗೆ ಹೇಳಲಿ?

ಒಂದು ಸೋಮವಾರ ಅತ್ತೆ ಮೇಲಿನ ಹಲಗೆಯಿಂದ ಗುಂಡಿಗಳ ಡಬ್ಬಿ ತೆಗೆಯಲು ಸ್ಟೂಲು ಹತ್ತಿದರು. “ನಾನು ತೆಗೀತೀನಿ ಬಿಡಿ ಅತ್ತೆ” ಅಂದೆ. “ನೀನು ತೆಗೆದ್ರೆ ಎಡಗಡೆ ಡಬ್ಬಿ ತೆಗೀತೀಯ” ಅಂದರು. ಆ ಮಾತು ಮುಗಿಯುವಷ್ಟರಲ್ಲಿ ಸ್ಟೂಲು ಒಂದು ಕಡೆ, ಅತ್ತೆ ಒಂದು ಕಡೆ. ಗುಂಡಿಗಳು ಬೀದಿಯವರೆಗೆ ಉರುಳಿದವು. ಬಲಗೈ ಮಣಿಕಟ್ಟು ಮುರಿದಿತ್ತು. ಡಾಕ್ಟರು ಬೆರಳ ಬುಡದಿಂದ ಮೊಣಕೈವರೆಗೆ ಬಿಳಿಯ ಪ್ಲಾಸ್ಟರ್ ಪಟ್ಟು ಹಾಕಿ, ಆರು ವಾರ ಕೈ ಅಲ್ಲಾಡಿಸಬಾರದು ಎಂದರು.

ಕಟಿಂಗ್ ಮೇಜಿನ ಮೇಲೆ ಆಗ ಇದ್ದದ್ದು ದನದ ಡಾಕ್ಟರಮ್ಮನ ಬಟ್ಟೆ.

ದನದ ಡಾಕ್ಟರಮ್ಮ ಎಂದರೆ ಎತ್ತರದ, ಗಟ್ಟಿ ಆಳು. ಅಂಗಡಿ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ದನಿಯಂತೂ ಮೂರು ಕೊಟ್ಟಿಗೆ ದಾಟಿ ಕೇಳಿಸುತ್ತದೆ. ಶನಿವಾರ ಅವರ ಇಲಾಖೆಯವರು ಅವರನ್ನು ವೇದಿಕೆಗೆ ಕರೆದು ಸನ್ಮಾನ ಮಾಡುವವರಿದ್ದರು. ಅದಕ್ಕೊಂದು ಕೋಟು. ಬಟ್ಟೆ ಬೂದುಬಣ್ಣದ ಉಣ್ಣೆ, ನಡುವೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಅವರು ಪರೀಕ್ಷೆ ಪಾಸಾದ ದಿನ ಅವರಪ್ಪ ತಂದುಕೊಟ್ಟದ್ದಂತೆ. ಅಪ್ಪ ಈಗಿಲ್ಲ. ಬಟ್ಟೆ ಇಪ್ಪತ್ತೆಂಟು ವರ್ಷ ಪೆಟ್ಟಿಗೆಯಲ್ಲೇ ಇತ್ತು.

“ಇದೊಂದೇ ತುಂಡು” ಎಂದು ಅವರು ಮೆಲುದನಿಯಲ್ಲಿ ಹೇಳಿದ್ದರು. ಅವರಿಗೆ ಮೆಲುದನಿಯೂ ಇದೆ ಎಂದು ನನಗೆ ಗೊತ್ತಾದದ್ದೇ ಅಂದು.

ಅಳತೆಯೆಲ್ಲ ತೆಗೆದಾಗಿತ್ತು. ಅತ್ತೆ ಕಾಗದದ ನಮೂನೆಗಳನ್ನೂ ಮಾಡಿಟ್ಟಿದ್ದರು. ಉಳಿದದ್ದು ಕತ್ತರಿಸುವುದೊಂದೇ, ಅದೂ ಬಟ್ಟೆ ಕಡಿಮೆಯಿದ್ದದ್ದರಿಂದ ಬಿಡಿಸಿ ಹಾಸಿ. ಆಸ್ಪತ್ರೆಯಿಂದ ಬಂದವರೇ ಅತ್ತೆ ಕುರ್ಚಿಯಲ್ಲಿ ಕೂತು, ನನ್ನ ಮುಖ ನೋಡದೆ ಹೇಳಿದರು.

“ನೋಡು, ಬುಧವಾರ ಸಾಯಂಕಾಲದೊಳಗೆ ನೀನು ಕತ್ತರಿಸಿದ್ರೆ ಸರಿ. ಇಲ್ದಿದ್ರೆ ಬಟ್ಟೆ ವಾಪಸ್ ಕೊಟ್ಟುಬಿಡೋಣ. ಬೋರ್ಡಲ್ಲಿ ಕೋಟು ಅಂತ ಇದ್ಯಲ್ಲ, ಅದನ್ನೂ ಅಳಿಸಿಬಿಡೋಣ. ಅಂಚು ಮಡಚೋದು, ಜಿಪ್ ಹಾಕೋದು, ಅಷ್ಟು ಮಾಡ್ಕೊಂಡಿರೋಣ. ನಂಗೂ ವಯಸ್ಸಾಯ್ತು.”

ಅವರು ಬೇಜಾರಿನಲ್ಲಿ ಹೇಳಿದರೋ ಪರೀಕ್ಷೆ ಮಾಡಲು ಹೇಳಿದರೋ, ದೇವರೇ ಬಲ್ಲ. ನನಗಂತೂ ಬಟ್ಟೆ ವಾಪಸ್ ಕೊಡುವ ಮಾತೇ ಬೇಡವಾಗಿತ್ತು. ಯಾಕೆಂದರೆ ಆ ಕತ್ತರಿ ನನಗೆ ಬೇಕಿತ್ತು. ಹಿಡಿಗೆ ಅತ್ತೆಯ ಹೆಬ್ಬೆರಳಿನ ಅಂದಾಜಿಗೆ ಬಟ್ಟೆ ಸುತ್ತಿದ್ದ ಆ ಭಾರದ ಕತ್ತರಿಯನ್ನು ಐದು ವರ್ಷದಿಂದ ದಿನಾ ನೋಡಿ ಆಸೆಪಡುತ್ತಿದ್ದೆ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಎಡಗೈ ಎನಿಸಿಕೊಂಡವಳು ಕತ್ತರಿ ಕೇಳುವುದು ಯಾವ ಬಾಯಲ್ಲಿ?

ಮಂಗಳವಾರ ಅತ್ತೆ ಮತ್ತೆ ಆಸ್ಪತ್ರೆಗೆ ಹೋಗಿದ್ದಾಗ ಹಳೆಯ ಹಾಸುಬಟ್ಟೆಯೊಂದನ್ನು ಹರಡಿ ಅಭ್ಯಾಸ ಮಾಡಿದೆ. ಎಡ ಎಡವಾಗಿ, ಬಲ ಬಲವಾಗಿ, ಮುತ್ತಿನಂತೆ ಬಂತು. ಖುಷಿಯಿಂದ ಅತ್ತೆ ಬರುವುದನ್ನೇ ಕಾದಿದ್ದು, ಅವರೆದುರು ಇನ್ನೊಮ್ಮೆ ಕತ್ತರಿಸಿ ತೋರಿಸಿದೆ. ಎರಡೂ ಎಡ. ಅತ್ತೆ ಪಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಕಿಟಕಿಯಾಚೆ ನೋಡಿದರು. ನಗು ತಡೆದುಕೊಂಡರೋ ಅಳು ತಡೆದುಕೊಂಡರೋ ಗೊತ್ತಾಗಲಿಲ್ಲ.

ಕನಸುಗಳು ಸೋಮವಾರವೇ ಶುರುವಾಗಿದ್ದವು. ಯಾವಾಗಲೂ ಒಂದೇ ಕನಸು. ನಾನು ಕತ್ತರಿಸುತ್ತಿರುತ್ತೇನೆ, ಎಡತೋಳು ಬರುತ್ತದೆ. ಇನ್ನೊಂದು, ಅದೂ ಎಡ. ಮತ್ತೊಂದು, ಅದೂ ಎಡ. ಮೇಜಿನ ಮೇಲೆ ತೋಳುಗಳ ರಾಶಿ ಬೆಳೆದು ಮಾಡು ಮುಟ್ಟುತ್ತದೆ. ಬಾಗಿಲಲ್ಲಿ ಗಿರಾಕಿಗಳು ಸಾಲಾಗಿ ನಿಂತು ಬಲಗೈ ಚಾಚಿಕೊಂಡು “ನಮ್ಮದೆಲ್ಲಿ, ನಮ್ಮದೆಲ್ಲಿ” ಎನ್ನುತ್ತಾರೆ. ಬೆವರಿ ಏಳುತ್ತಿದ್ದೆ. ನಮ್ಮನೆಯವರು ಬಸ್ ಕಂಡಕ್ಟರ್. “ನಂಗೂ ಕನಸಲ್ಲಿ ಪ್ರಯಾಣಿಕರು ಮುಗಿಯೋದೇ ಇಲ್ಲ ಕಣೇ, ಮಲ್ಕೋ” ಎಂದು ಸಮಾಧಾನ ಹೇಳಿ ಗೊರಕೆಗೆ ಮರಳುತ್ತಿದ್ದರು.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಒಳಬೆಂಚಿನಲ್ಲಿ ಹತ್ತು ನಿಮಿಷ ತಲೆ ಒರಗಿಸಿದೆ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಣ್ಣು ಮುಚ್ಚಿದ್ದೇ ತಡ, ಅದೇ ಮೇಜು, ಅದೇ ಸಾಲು.

ಆದರೆ ಈ ಸಲ ಡಾಕ್ಟರಮ್ಮನೂ ಮುಂದೆ ನಿಂತಿದ್ದರು. ಅವರ ಭುಜ ಅಳೆದೆ: ಹದಿನೇಳು. ಅಂಗಡಿಯಲ್ಲಿ ಅತ್ತೆ ಮಾಡಿದ ಒಂದು ನಿಯಮವಿದೆ. ಅಳತೆ ತೆಗೆದ ಮೇಲೆ ಟೇಪು ಬಿಟ್ಟು, ಒಮ್ಮೆ ಬೀದಿ ಕಡೆ ನೋಡಿ, ಮತ್ತೆ ಅಳೆಯಬೇಕು. ಎರಡೂ ಒಂದೇ ಬಂದರೆ ಮಾತ್ರ ಬರೆದುಕೊಳ್ಳುವುದು. ಕೈಗೆ ಅದು ಎಷ್ಟು ಅಭ್ಯಾಸವೆಂದರೆ ಕನಸಿನಲ್ಲೂ ಬೀದಿ ಕಡೆ ನೋಡಿದೆ. ಮತ್ತೆ ಅಳೆದೆ. ನಲವತ್ತಮೂರು. ಮೂರನೆಯ ಸಲ ಅಳೆದೆ. ಆರೂವರೆ.

ಡಾಕ್ಟರಮ್ಮ ಇದ್ದ ಹಾಗೇ ಇದ್ದರು. ನನ್ನ ಟೇಪು ಐದು ವರ್ಷದಲ್ಲಿ ಒಂದು ಸಲವೂ ಸುಳ್ಳು ಹೇಳಿಲ್ಲ. ಹಾಗಾದರೆ ಸುಳ್ಳು ಇರುವುದು ಬೇರೆ ಎಲ್ಲೋ.

‘ಅಯ್ಯೋ, ಇದು ಕನಸು!’

ಆ ಕ್ಷಣ ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಎಚ್ಚರವೇ ಆಗಿಲ್ಲ, ಆದರೂ ಎಚ್ಚರವಾಗಿದ್ದೇನೆ. ಬೆಂಚಿನ ಮೇಲೆ ಬಿದ್ದುಕೊಂಡಿರುವವಳೂ ನಾನೇ, ಇಲ್ಲಿ ನಿಂತಿರುವವಳೂ ನಾನೇ. ಬಣ್ಣಗಳೆಲ್ಲ ಆಗತಾನೆ ಒಗೆದು ಹಾಕಿದ ಹಾಗೆ ಕಂಡವು. ಜೀವಮಾನದಲ್ಲಿ ಮೊದಲ ಸಲ ಒಂದು ಜಾಗಕ್ಕೆ ನಾನೇ ಯಜಮಾನಿ ಅನ್ನಿಸಿತು. ಬಾಗಿಲಿನ ಸಾಲಿನ ಕಡೆ ತಿರುಗಿ, “ನೀವೆಲ್ಲ ಕನಸು, ಸುಮ್ನೆ ಕೂತ್ಕೊಳ್ಳಿ” ಎಂದು ಗದರಿದೆ. ಎಲ್ಲರೂ ಬಲಗೈ ಇಳಿಸಿ ತೆಪ್ಪಗೆ ಕೂತರು. ನಿಜದ ಗಿರಾಕಿಗಳು ಇಷ್ಟು ಮಾತು ಕೇಳಿದ್ದನ್ನು ನಾನು ಕಂಡಿಲ್ಲ.

ಹಾರಿ ನೋಡೋಣ ಎಂದುಕೊಂಡೆ. ಕಾಲು ನೆಲ ಬಿಟ್ಟಿತು! ಮೆಲ್ಲಗೆ ಬೀರುವಿನ ಎತ್ತರಕ್ಕೆ ಏರಿದೆ. ಬೀರುವಿನ ಮೇಲೆ ಬೆರಳುದ್ದ ಧೂಳು. ಇದನ್ನು ಒರೆಸಬೇಕಲ್ಲ ಎಂದು ಯೋಚನೆ ಬಂದದ್ದೇ, ದೊಪ್ಪನೆ ಕೆಳಗಿಳಿದೆ. ಸಂಸಾರಸ್ಥೆಗೆ ಹಾರಾಟ ಅಷ್ಟೇ.

ಇಳಿದದ್ದು ಮೇಜಿನ ಮುಂದೆಯೇ. ಬೂದು ಉಣ್ಣೆ ಹಾಸಿತ್ತು. ಇಲ್ಲಿ ಬಟ್ಟೆಗೆ ಲೆಕ್ಕವಿಲ್ಲ, ಹಾಳಾದರೆ ಯಾರ ಅಪ್ಪನ ಕಾಣಿಕೆಯೂ ಅಲ್ಲ. ಕತ್ತರಿ ಎತ್ತಿಕೊಂಡು ಒಂದು ತೋಳು ಕತ್ತರಿಸಿದೆ. ಎಡ. ಇನ್ನೊಂದು. ಮತ್ತೆ ಎಡ! ನನಗೆ ನಗು ಬಂತು. ಹಿಂದಿನಿಂದ ಅತ್ತೆಯ ದನಿ ಕೇಳಿತು.

“ಎಡಗೈ!”

ತಿರುಗಿದೆ. ಅತ್ತೆ ನಿಂತಿದ್ದರು, ಕೈಗೆ ಪಟ್ಟು ಇರಲಿಲ್ಲ. ಎಚ್ಚರದಲ್ಲಿ ನಾನು ಎಂದೂ ಕೇಳಲಾರದ್ದನ್ನು ಅಂದು ಕೇಳಿಯೇಬಿಟ್ಟೆ.

“ಅತ್ತೆ, ನಿಮ್ಮೆದುರು ನಾನು ಯಾಕೆ ಎರಡೂ ಎಡನೇ ಕತ್ತರಿಸ್ತೀನಿ?”

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು. “ನಂಗೇನ್ ಗೊತ್ತು? ಕನಸು ನಿಂದು.”

ನಿಜ ತಾನೆ! ಇಲ್ಲಿರುವ ಅತ್ತೆಗೆ ನನಗೆ ಗೊತ್ತಿರುವುದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚು ಗೊತ್ತಿಲ್ಲ. ನೀಲಿ ಕೋಟಿನ ದಿನದಿಂದ ನನ್ನೊಳಗೆ ಕೂತು ‘ಎಡಗೈ, ಎಡಗೈ’ ಎನ್ನುತ್ತಿದ್ದವರು ಇವರೇ. ಇವರ ಬಾಯಲ್ಲಿ ಆಡುತ್ತಿದ್ದವಳು ನಾನೇ. “ಹಾಗಾದ್ರೆ ನಾನೇ ನೋಡ್ತೀನಿ, ನೀವು ನಿಂತಿರಿ” ಅಂದೆ.

ಮತ್ತೊಮ್ಮೆ ಕತ್ತರಿಸಿದೆ. ಈ ಸಲ ಬಟ್ಟೆಯನ್ನಲ್ಲ, ನನ್ನನ್ನೇ ನೋಡುತ್ತಾ ಕತ್ತರಿಸಿದೆ. ಮೊದಲ ತೋಳು ಮುಗಿಯಿತು. ನಮೂನೆ ಎತ್ತಿಕೊಂಡೆ. ಆಗ ನನ್ನ ತಲೆ ತಾನಾಗಿ ಮೇಲೆದ್ದಿತು. ಅತ್ತೆಯ ಮುಖ ನೋಡಿದೆ. ‘ಸರಿಯಾಯ್ತಾ?’ ಎಂದು ನೋಡಿದೆ. ಅತ್ತೆ ಹುಬ್ಬೇರಿಸಿದರು. ಅದು ಮೆಚ್ಚುಗೆಯೋ ಅಲ್ಲವೋ ಎಂದು ಮನಸ್ಸು ಲೆಕ್ಕ ಹಾಕುತ್ತಿದ್ದಾಗ, ಕೈ ಪಾಪ, ನಮೂನೆಯನ್ನು ಮೊದಲಿದ್ದ ಹಾಗೇ ಬಟ್ಟೆಯ ಮೇಲೆ ಮಲಗಿಸಿತು.

ಹಾಸುಬಟ್ಟೆಯನ್ನು ನಾನೊಬ್ಬಳೇ ಇದ್ದಾಗ ಕತ್ತರಿಸಿ ಸರಿ ಬಂದದ್ದು, ಅತ್ತೆಯೆದುರು ತಪ್ಪಿದ್ದು, ನೀಲಿ ಕೋಟು, ಎಲ್ಲ ಒಂದೇ ಸಲ ನೆನಪಾಯಿತು. ತಪ್ಪು ನನ್ನ ಕೈಯಲ್ಲಿ ಇರಲೇ ಇಲ್ಲ! ಸಂತೋಷ ಉಕ್ಕಿ ಬಂದು ಜೋರಾಗಿ ಕೂಗಿದೆ. ಕೂಗಿದ್ದೇ ತಪ್ಪಾಯಿತು. ಮೇಜು, ಸಾಲು, ಅತ್ತೆ ಎಲ್ಲ ಕರಗಿ, ಬೆಂಚಿನಿಂದ ಅರ್ಧ ಜಾರಿಕೊಂಡು ಎದ್ದೆ.

“ಏನೇ ಅದು, ಹಾಗೆ ಕಿರುಚ್ತೀಯ?” ಅತ್ತೆ ಕುರ್ಚಿಯಲ್ಲಿ ಬೆಚ್ಚಿ ಕೂತಿದ್ದರು. ಈ ಅತ್ತೆಯ ಕೈಗೆ ಪಟ್ಟು ಇತ್ತು.

“ಅತ್ತೆ, ನೀವು ಸ್ವಲ್ಪ ಹೊರಗೆ ಹೋಗಿ ಕೂತ್ಕೊಳ್ತೀರಾ?”

“ಏನಂದೆ?”

“ಹೊರಗಡೆ ಬೆಂಚಲ್ಲಿ. ನಾನು ಕತ್ತರಿಸಿ ಮುಗಿಸೋ ತನಕ.”

ಅತ್ತೆಯ ಮುಖ ಗಂಟಾಯಿತು. ಮೂವತ್ತು ವರ್ಷ ತಾವೇ ಕಟ್ಟಿ ಬೆಳೆಸಿದ ಅಂಗಡಿಯಿಂದ ಸೊಸೆ ಅವರನ್ನು ಹೊರಗೆ ಕಳಿಸುತ್ತಿದ್ದಳು, ಅದೂ ಕೈ ಮುರಿದಿರುವಾಗ. ಇಲ್ಲೇ ಇರಿ ಎಂದುಬಿಡಲು ನಾಲಿಗೆ ತುದಿಗೆ ಬಂತು. ಕಚ್ಚಿ ಹಿಡಿದೆ.

“ನೀವಿದ್ರೆ ನಾನು ನಿಮ್ಮ ಮುಖ ನೋಡ್ತೀನಿ ಅತ್ತೆ. ಬಟ್ಟೆ ನೋಡಲ್ಲ. ಅದಕ್ಕೇ ಎರಡೂ ಎಡ ಆಗೋದು.”

ಅತ್ತೆ ಮೊಳೆಯಲ್ಲಿದ್ದ ನೀಲಿ ತೋಳಿನ ಕಡೆ ನೋಡಿದರು. ಆಮೇಲೆ ಎದ್ದರು. ಹೊಸ್ತಿಲಲ್ಲಿ ನಿಂತು, “ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆ…” ಎಂದು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, ಹೋಗಿ ಬೆಂಚಿನಲ್ಲಿ ಬೆನ್ನು ಹಾಕಿ ಕೂತರು.

ನಮೂನೆಯ ಉದ್ದ ಅಳೆದೆ. ಬೀದಿ ಕಡೆ ನೋಡಿದೆ, ಅತ್ತೆಯ ಬೆನ್ನು ಕಾಣಿಸಿತು. ಮತ್ತೆ ಅಳೆದೆ. ಎರಡು ಸಲವೂ ಇಪ್ಪತ್ತನಾಲ್ಕೂವರೆ. ಅಂದರೆ ಇದು ಕನಸಲ್ಲ. ಕತ್ತರಿ ನಿಜ, ಬಟ್ಟೆ ನಿಜ, ಡಾಕ್ಟರಮ್ಮನ ಅಪ್ಪ ನಿಜ. ಎತ್ತಿದ ಕತ್ತರಿಯನ್ನು ಮತ್ತೆ ಕೆಳಗಿಟ್ಟೆ. ಆದರೆ ಈ ತೋಳನ್ನು ಕನಸಿನಲ್ಲಿ ಆಗಲೇ ಎಷ್ಟೋ ಸಲ ಹಾಳುಮಾಡಿ ಬಂದಿದ್ದೆನಲ್ಲ, ಇನ್ನು ಹಾಳುಮಾಡಲು ಹೊಸದೇನೂ ಉಳಿದಿರಲಿಲ್ಲ. ಕತ್ತರಿ ಹಾಕಿದೆ. ದಪ್ಪ ಉಣ್ಣೆ ಕರಕರ ಎಂದು ದಾರಿ ಬಿಟ್ಟಿತು. ಮೊದಲ ತೋಳು. ನಮೂನೆ ಎತ್ತಿಕೊಂಡೆ. ತಲೆ ಮೇಲೇಳಲು ಹವಣಿಸಿತು. “ಕೆಳಗೆ ನೋಡೇ” ಎಂದು ನನಗೆ ನಾನೇ ಗದರಿ, ನಮೂನೆ ಮಗುಚಿ ಹಾಕಿದೆ.

ಉಳಿದ ಭಾಗಗಳನ್ನೂ ಅಂದೇ ಕತ್ತರಿಸಿ, ಗುರುವಾರವಿಡೀ ಹೊಲಿದೆ. ಶುಕ್ರವಾರ ಡಾಕ್ಟರಮ್ಮ ತಲೆ ಬಗ್ಗಿಸಿ ಒಳಗೆ ಬಂದರು. ಎಡಗೈ ತೂರಿಸಿದರು. ಬಲಗೈ ತೂರಿಸುವಾಗ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಅವರು ಕನ್ನಡಿ ಮುಂದೆ ನಿಂತು ಎರಡು ಕೈಗಳನ್ನೂ ಮೇಲೆತ್ತಿ, ಇಳಿಸಿ, ಮತ್ತೆ ಎತ್ತುತ್ತಿದ್ದರು. ಗೆರೆಗೆ ಗೆರೆ ಕೂಡಿತ್ತು.

“ಹಾಳಾಗಿಬಿಟ್ರೆ ಅಂತ ಹೆದರಿ ಇಷ್ಟು ವರ್ಷ ಯಾರ ಕತ್ತರಿಗೂ ಕೊಡಲಿಲ್ಲ” ಅಂದರು, ಮತ್ತೆ ಆ ಮೆಲುದನಿಯಲ್ಲಿ. “ನಮ್ಮಪ್ಪ ಇರೋವಾಗ್ಲೇ ಹಾಕ್ಕೋಬೇಕಿತ್ತು ಕಣಮ್ಮ. ಎಂಥಾ ದಡ್ಡಿ ನಾನು!” ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳಲು ಹೋದರು. ಅತ್ತೆಯೂ ನಾನೂ ಒಟ್ಟಿಗೆ “ಬೇಡಾ!” ಎಂದು ಕಿರುಚಿದೆವು. ಡಾಕ್ಟರಮ್ಮ ನಕ್ಕ ನಗೆಗೆ ಪಕ್ಕದ ಚಪ್ಪಲಿ ಅಂಗಡಿಯವರು ಎದ್ದು ಬಂದರು.

ಅವರು ಹೋದ ಮೇಲೆ ಕನಸನ್ನು ಪೂರ್ತಿ ಹೇಳಿದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ಕನಸಲ್ಲಿ ನಾನು ಏನಂದೆ?”

“‘ನಂಗೇನ್ ಗೊತ್ತು, ಕನಸು ನಿಂದು’ ಅಂದ್ರಿ.”

“ಸರಿಯಾಗೇ ಹೇಳಿದೀನಿ” ಎಂದರು ಅತ್ತೆ, ತೃಪ್ತಿಯಿಂದ. ನಮ್ಮನೆಯವರಿಗೆ ಮಾತ್ರ ಇಂದಿಗೂ ಒಂದು ಬೇಸರ: “ಕನಸು ಅಂತ ಗೊತ್ತಾದ ಮೇಲೂ ಯಾರಾದ್ರೂ ಬಟ್ಟೆ ಕತ್ತರಿಸ್ತಾರಾ? ಸಮುದ್ರದ ಮೇಲೆ ಹಾರ್ಕೊಂಡು ಹೋಗೋದಲ್ವಾ?”

ಅಂದು ಅಂಗಡಿ ಮುಚ್ಚುವ ಮೊದಲು ಅತ್ತೆ ಎಡಗೈಯಲ್ಲಿ ಕತ್ತರಿ ಎತ್ತಿ ನನ್ನ ಮುಂದಿಟ್ಟರು.

“ಹಿಡಿಗೆ ಸುತ್ತಿರೋ ಬಟ್ಟೆ ಬಿಚ್ಚಿ ಹಾಕು. ಅದು ನನ್ನ ಹೆಬ್ಬೆರಳಿಗೆ ಸುತ್ತಿದ್ದು. ನಿಂಗೆ ಬೇಕಾದ ಹಾಗೆ ನೀನು ಸುತ್ಕೋ.”

ಬಿಚ್ಚಿದೆ. ಹೊಸ ಬಟ್ಟೆಗಾಗಿ ಸುತ್ತ ನೋಡಿದಾಗ ಮೊಳೆಯಲ್ಲಿದ್ದ ನೀಲಿ ತೋಳು ಕಣ್ಣಿಗೆ ಬಿತ್ತು. ಇಳಿಸಿ ತಂದು, ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಹಿಡಿಗೆ ಬಿಗಿಯಾಗಿ ಸುತ್ತಿಕೊಂಡೆ. ನನ್ನ ಹೆಬ್ಬೆರಳು ಸರಿಯಾಗಿ ಕೂತಿತು. ಅತ್ತೆಯ ಮುಖ ನೋಡಬೇಕೆನ್ನಿಸಿತು, ನೋಡಲಿಲ್ಲ.

ಅತ್ತೆಯ ಕೈ ಈಗ ವಾಸಿಯಾಗಿದೆ. ಅಳತೆ ತೆಗೆಯುತ್ತಾರೆ, ನಮೂನೆ ಮಾಡುತ್ತಾರೆ, ಗಿರಾಕಿಗಳ ಜೊತೆ ಜಗಳವನ್ನೂ ಆಡುತ್ತಾರೆ. ನಾನು ತೋಳಿನ ನಮೂನೆ ಕೈಗೆತ್ತಿಕೊಂಡರೆ ಮಾತ್ರ ಯಾರೂ ಹೇಳದೆಯೇ ಎದ್ದು ಹೋಗಿ, ಹೊರಗಿನ ಬೆಂಚಿನಲ್ಲಿ ಬೆನ್ನು ಹಾಕಿ ಕೂರುತ್ತಾರೆ.