ಸಣ್ಣ ಗುಂಡಿನ ಬಂದೂಕು

೧

ಎರಡು ಸಾವಿರನೇ ಇಸವಿಯ ನವೆಂಬರ್. ಮೇಪಲ್ ಮರಗಳ ಎಲೆಯೆಲ್ಲ ಉದುರಿ, ಗುಡಿಸಿ, ಚೀಲ ಕಟ್ಟಿ ರಸ್ತೆಯ ಅಂಚಿಗೆ ಇಟ್ಟಾಗಿತ್ತು. ಮಧ್ಯಾಹ್ನ ನಾಲ್ಕರ ಹೊತ್ತು; ಇನ್ನು ಸ್ವಲ್ಪದರಲ್ಲೇ ಕತ್ತಲು. ಈ ಕಥೆ ಶುರುವಾದದ್ದು ಆಗ. ಆದರೆ ಬರೆಯುವವನು ಎಲ್ಲಿಂದ ಶುರು ಮಾಡಬೇಕು? ಬಂದೂಕಿನಿಂದಲೋ, ಅದನ್ನು ಕೊಂಡವನಿಂದಲೋ, ಅದರ ಮುಂದೆ ನಿಂತದ್ದರಿಂದಲೋ?

ಬಂದೂಕಿನಿಂದ ಶುರು ಮಾಡಿ ನೋಡಿದೆ. ‘ವಿಕ್ಸಮ್‌ನ ಒಂದು ಅಂಗಡಿಯಲ್ಲಿ ಒಂದು ಬಂದೂಕಿತ್ತು.’ ಒಂದೂರಲ್ಲಿ ಒಬ್ಬ ರಾಜನಿದ್ದ ಎಂದ ಹಾಗಾಯಿತು. ಹೊಡೆದು ಹಾಕಿದೆ.

ಕೊಂಡವನಿಂದ ಶುರು ಮಾಡಿದೆ. ಆಸಿಫ್, ಮನೆ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ವಿಕ್ಸಮ್‌ನಲ್ಲಿ ಅಡುಗೆಮನೆಯ ಕಟ್ಟೆಗಳಿಗೆ ಗ್ರಾನೈಟ್ ಕೂರಿಸುವ ಅಂಗಡಿ, ಒಂದು ಹಳೆಯ ಪಿಕಪ್.

“ಫೋನ್ ನಂಬರೂ ಹಾಕ್ಬಿಡಿ ಅಂಕಲ್, ಕಸ್ಟಮರ್ಸ್ ಬರ್ಲಿ,” ಎಂದ ಆಸಿಫ್.

(ನಾನು ಕಟ್ಟಿದ ಜನ ನನಗೇ ತಿರುಗಿ ಮಾತಾಡುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ಕಥೆ ಬರೆಯಲು ಕೂತರೆ ಯಾರೂ ಹೆದರುವುದಿಲ್ಲ.)

ಆಮೇಲೆ ಅವನ ತಂದೆ ಫಜಲುಲ್ಲಾ ಬಾಯಿ ಬಿಟ್ಟರು. ಹಾನಗಲ್ಲಿನವರು, ಎಪ್ಪತ್ತು ದಾಟಿದವರು, ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು.

“ನಾವು ಮನ್ಯಾಗ ಕನ್ನಡ ಮಾತಾಡಂಗಿಲ್ಲರೀ. ಉರ್ದು ಮಾತಾಡತೀವಿ.”

“ನನಗೆ ಬರೆಯಲು ಬರುವುದು ಇದೊಂದೇ, ಸಾಹೇಬ್ರೆ.”

“ಹಂಗಾರ ಬರೀರಿ. ಆದ್ರ ನನ್ನ ಬಾಯಾಗ ಬೆಂಗಳೂರ ಕನ್ನಡ ತುರುಕಬ್ಯಾಡ್ರಿ.”

ಒಪ್ಪಿಕೊಂಡೆ. ಓದುಗರೇ, ಈ ಫಜಲುಲ್ಲಾ ಬಗ್ಗೆ ನಿಮಗೆ ಒಂದು ಸಂಗತಿ ಗೊತ್ತಿದ್ದರೆ ಸಾಕು. ಹರೆಯದಲ್ಲಿ, ಬೇಟೆ ಇನ್ನೂ ಬಂದ್ ಆಗಿರದ ಕಾಲದಲ್ಲಿ, ಊರಿನ ಗೌಡರ ಜೊತೆ ಕಾಡಿಗೆ ಹೋಗುತ್ತಿದ್ದರು. ಬಂದೂಕು ಗೌಡರದು, ಚಾಕು ಇವರದು. ಗುಂಡು ಬಿದ್ದ ಕೂಡಲೇ ಓಡಬೇಕು. ಪ್ರಾಣಿಯಲ್ಲಿ ಜೀವ ಇರುವಾಗಲೇ ದೇವರ ಹೆಸರು ಹೇಳಿ ಚಾಕು ಹಾಕಬೇಕು. ಆಗಲೇ ಇವರ ಮಂದಿ ತಿನ್ನಬಹುದು. ಏಟು ತಿಂದದ್ದನ್ನು ಅರ್ಧ ಜೀವದಲ್ಲಿ ಬಿಟ್ಟು ಅವರು ಒಂದು ದಿನವೂ ಮನೆಗೆ ಬಂದವರಲ್ಲ. ಹುಡುಕದೆ ಬಿಟ್ಟರೆ ಅದು ನಡೆಯುತ್ತಲೇ ಇರುತ್ತದೆ ಎಂದು ಅವರ ನಂಬಿಕೆ.

ಇನ್ನೊಂದು ಸಂಗತಿ: ಅವರ ವಿಮಾನ ಭಾನುವಾರ ಸಂಜೆ. ರಂಜಾನಿನ ಮೊದಲ ರೋಜಾ ಹಾನಗಲ್ಲಿನಲ್ಲೇ ಆಗಬೇಕು. ಅದಕ್ಕೆ ಮುಂಚೆ ಅಪ್ಪನ ಜೊತೆ ಒಂದು ಸಲ ಕಾಡಿಗೆ ಹೋಗಿಬರಬೇಕೆಂದು ಮಗನ ಆಸೆ.

೨

ಬಂದೂಕಿನ ಅಂಗಡಿ. ಕೌಂಟರಿನ ಹಿಂದೆ ಬಿಳಿ ಗಡ್ಡದ ಅಮೆರಿಕನ್. ಆಸಿಫ್ ತನಗೆ ಬೇಕಾದದ್ದನ್ನು ಹೇಳಿದ: ಅಗ್ಗದ್ದು, ಗಟ್ಟಿ ಜೀವದ್ದು, ಪಿಕಪ್ಪಿನ ಸೀಟಿನ ಹಿಂದೆ ಕಲ್ಲಿನ ತುಂಡುಗಳ ಜೊತೆ ಬಿದ್ದಿರುವಂಥದ್ದು. ಅಂಥದ್ದಕ್ಕೆ ಇಲ್ಲಿ ಟ್ರಕ್ ಗನ್ ಎಂದೇ ಹೆಸರಂತೆ. ಕೆರೆದರೆ ಮರುಗಬಾರದು, ನೆನೆದರೆ ಉಬ್ಬಬಾರದು, ಬಿದ್ದರೆ ಗುರಿ ಕೆಡಬಾರದು. ದುರ್ಬೀನು ಬೇಡ, ರಸ್ತೆಯ ಕುಲುಕಾಟಕ್ಕೆ ಸರಿಯುತ್ತದೆ. ಮರದ ಹಿಡಿ ಚಂದ, ಆದರೆ ಚಂದ ಯಾರಿಗೆ ಬೇಕು, ಪ್ಲಾಸ್ಟಿಕ್ ಇರಲಿ.

ಅಂಗಡಿಯವನು ಮೂರನ್ನು ತಂದು ಸಾಲಾಗಿ ಮಲಗಿಸಿದ. ಮೂರೂ ಯಾರೋ ಬಳಸಿ ಮಾರಿದ ಹಳೆಯವು. ಮೊದಲನೆಯದನ್ನು ತಟ್ಟಿ, “ಇದರ ಏಟಿಗೆ ಜಿಂಕೆ ನಿಂತಲ್ಲೇ ಬೀಳುತ್ತದೆ,” ಎಂದ. ಆಸಿಫ್ ಅದನ್ನು ಅಪ್ಪನಿಗೆ ಹೇಳಿದ.

“ನಿಂತಲ್ಲೇ ಸತ್ತರ ನಾ ಓಡಿ ಏನ್ ಮಾಡ್ಲಿ?”

“ಅಬ್ಬಾ, ಟ್ರಿಗರ್ ಒತ್ತೋವಾಗ ಬಿಸ್ಮಿಲ್ಲಾ ಅಂದ್ರೆ ಸಾಕು ಅಂತಾರೆ ಇಲ್ಲಿ. ನಾನು ಕೇಳ್ಕೊಂಡು ಬಂದಿದೀನಿ.”

“ಅವರಿಗೆ ಸಾಕಾಗಬಹುದು. ಗುಂಡಿಗೆ ಸತ್ತದ್ದು ನನ್ನ ಗಂಟಲದಾಗ ಇಳ್ಯಂಗಿಲ್ಲ. ಚಾಕು ಬೀಳೂ ತನಕ ಜೀವ ಇರಬೇಕು. ಮೂರರಾಗ ಸಣ್ಣ ಗುಂಡಿನದು ಯಾವುದು, ಕೇಳು.”

ಮೂರನೆಯದು. ಕಪ್ಪು ಪ್ಲಾಸ್ಟಿಕ್ ಹಿಡಿ, ಮೈತುಂಬ ಗೀರು, ಎಲ್ಲಕ್ಕಿಂತ ಅಗ್ಗ. ಅಂಗಡಿಯವನು ತಲೆ ಅಲ್ಲಾಡಿಸಿದ. ಗುರಿ ಪಕ್ಕಾ ಇರುವವನ ಕೈಗಾದರೆ ಸರಿ, ಹೊಸಬನಿಗೆ ಬೇಡ ಎಂದ. ಸ್ವಲ್ಪ ತಪ್ಪಿದರೂ ಜಿಂಕೆ ಬೀಳುವುದಿಲ್ಲ, ನಡೆದುಕೊಂಡು ಹೋಗುತ್ತದೆ ಎಂದ.

ಆಸಿಫ್ ಇದನ್ನೂ ಹೇಳಿದ.

“ನಡೀಲಿ,” ಎಂದರು ಫಜಲುಲ್ಲಾ. “ನಾನೂ ನಡೀತೀನಿ.”

ಅಂಗಡಿಯವನಿಗೆ ಅರ್ಥವಾಗಲಿಲ್ಲ, ಯಾರೂ ಅರ್ಥ ಮಾಡಿಸಲೂ ಇಲ್ಲ.

(ಈ ಜಾಗದಲ್ಲಿ ಬಂದೂಕಿನೊಳಗೆ ಒಂದು ದೆವ್ವ ಇಡಬಹುದು. ಮೊದಲ ಸಲ ಇಟ್ಟಿದ್ದೆ: ಕೊಂಡವರೆಲ್ಲ ವಾಪಸ್ ತಂದುಕೊಟ್ಟ ಬಂದೂಕು ಅಂತ. ಆಸಿಫ್ ನಕ್ಕುಬಿಟ್ಟ, “ಇದನ್ನ ಟೀವೀಲಿ ನೋಡಿದೀನಿ ಅಂಕಲ್.” ತೆಗೆದು ಹಾಕಿದೆ. ಬಂದೂಕು ಬರೀ ಬಂದೂಕು. ಮುಂದೆ ಆದದ್ದಕ್ಕೆ ಅದನ್ನು ಬೈಯಬೇಡಿ.)

೩

(ಇದನ್ನು ಜಿಂಕೆಯ ಕಡೆಯಿಂದ ಬರೆದಿದ್ದೆ. ಒಂದು ಪುಟ ಆಗುವಷ್ಟರಲ್ಲಿ ಕೋಣೆಯಲ್ಲಿ ಇನ್ನೊಂದು ಉಸಿರು ಕೇಳಿಸಿತು. ಹರಿದು ಹಾಕಿದೆ. ನಂಬರ್ ಮಾತ್ರ ಉಳಿಸಿದ್ದೇನೆ.)

೪

ಗುರುವಾರ, ಥ್ಯಾಂಕ್ಸ್‌ಗಿವಿಂಗ್ ರಜೆ. ಬಡಾವಣೆಯ ಮನೆಮನೆಯಲ್ಲೂ ಟರ್ಕಿ ಕೋಳಿ ಬೇಯುವ ದಿನ. ನಮ್ಮ ಸುತ್ತಮುತ್ತ ಜಿಂಕೆಗೆ ರೈಫಲ್ ಎತ್ತುವ ಹಾಗಿಲ್ಲ, ಉತ್ತರಕ್ಕೆ ಹೋಗಬೇಕು. ಅಪ್ಪ ಮಗ ಬೆಳಕು ಹರಿಯುವ ಮುಂಚೆ ಹೊರಟರು; ಖಾಲಿ ಬಂದೂಕು ಚೀಲದೊಳಗೆ, ಚಾಕು ಫಜಲುಲ್ಲಾರ ಸೊಂಟದಲ್ಲಿ. ಇಬ್ಬರ ತಲೆಯ ಮೇಲೂ ಕಿತ್ತಳೆ ಟೋಪಿ.

ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ತೆಳುವಾದ ಹಿಮ. ಪಿಕಪ್ಪನ್ನು ಕಾಡಿನ ದಾರಿಯ ಕೊನೆಯಲ್ಲಿ ಬಿಟ್ಟು, ಒಂದು ಜೌಗಿನ ಅಂಚಿನಲ್ಲಿ ಕೂತರು. ಕವಲುಕೊಂಬಿನ ಗಂಡು ಬಂತು, ನಿಂತಿತು, ಇವರ ಕಡೆಗೇ ನೋಡಿತು. ಆಸಿಫ್ ಹಾರಿಸಿದ.

ಜಿಂಕೆ ಬೀಳಲಿಲ್ಲ, ಓಡಲೂ ಇಲ್ಲ. ತಿರುಗಿ ನಡೆಯತೊಡಗಿತು.

“ಬಿಸ್ಮಿಲ್ಲಾ ಅಂದ್ಯಾ?”

“ಅಂದೆ.” ಆಸಿಫ್ ಬಂದೂಕು ಇಳಿಸಿದ. “ಅಂದಿರಬೇಕು ಅಬ್ಬಾ. ನೆನಪಾಗ್ತಿಲ್ಲ.”

ಫಜಲುಲ್ಲಾ ಆಗಲೇ ಚಾಕು ಹಿಡಿದು ಹೊರಟಿದ್ದರು. ಹಿಮದ ಮೇಲೆ ರಕ್ತ ಇತ್ತು, ಗೊರಸಿನ ಗುರುತು ಇತ್ತು. ಗಾಯವಾದ ಪ್ರಾಣಿ ಎಡವುತ್ತದೆ, ಕಾಲೆಳೆಯುತ್ತದೆ, ಅಲ್ಲಲ್ಲಿ ಕೂರುತ್ತದೆ. ಇದು ಎಲ್ಲೂ ಕೂತಿರಲಿಲ್ಲ. ಹೋಗಬೇಕಾದ ಕಡೆ ಗೊತ್ತಿರುವವರ ಹಾಗೆ ಒಂದೇ ಸಮ ನಡೆದಿತ್ತು. ಜೌಗು ದಾಟಿ, ಪೈನ್ ಮರಗಳ ನಡುವೆ ಬಳಸಿ, ಇಳಿಜಾರು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಗುರುತು ಇಬ್ಬರನ್ನೂ ಕರೆದುಕೊಂಡು ಬಂದು ಪಿಕಪ್ಪಿನ ಹತ್ತಿರ ಬಿಟ್ಟಿತು.

ಜಿಂಕೆ ಪಿಕಪ್ಪಿಗೆ ಒಂದು ಸುತ್ತು ಬಂದಿತ್ತು. ಡ್ರೈವರ್ ಬಾಗಿಲ ಮುಂದೆ ನಿಂತಿತ್ತು. ನಿಂತಲ್ಲಿ ಹಿಮ ಕರಗಿ ನೆಲ ಕಾಣುತ್ತಿತ್ತು. ಅಲ್ಲಿಂದ ಮುಂದಕ್ಕೆ ಯಾವ ದಿಕ್ಕಿಗೂ ಒಂದು ಗೊರಸೂ ಇರಲಿಲ್ಲ.

ಪಿಕಪ್ಪಿನ ಹಿಂಭಾಗ ನೋಡಿದರು, ಖಾಲಿ. ಅಡಿಗೆ ಬಗ್ಗಿ ನೋಡಿದರು, ಏನಿಲ್ಲ. ಸಂಜೆಯಾಗುವವರೆಗೆ ಸುತ್ತಲೆಲ್ಲ ಹುಡುಕಿದರು. ಹಿಮ ಬೀಳತೊಡಗಿತು. ಮಗ ಅಪ್ಪನ ತೋಳು ಹಿಡಿದು ಎಳೆದುಕೊಂಡೇ ಬಂದು ಸೀಟಿನಲ್ಲಿ ಕೂರಿಸಿದ.

೪, ಇನ್ನೊಮ್ಮೆ

ಇದು ಸುಲಭದಲ್ಲಿ ಸರಿಹೋಗುವ ಕೆಲಸ ಎಂದುಕೊಂಡೆ. ‘ಆಸಿಫ್ ಹಾರಿಸಿದ’ ಎಂಬುದನ್ನು ತೆಗೆದು ‘ಆಸಿಫ್ ಬಿಸ್ಮಿಲ್ಲಾ ಎಂದು ಹಾರಿಸಿದ’ ಎಂದು ಬರೆದೆ. ಆಸಿಫ್‌ಗೆ ಓದಿ ಹೇಳಿದೆ.

ಅವನು ಒಪ್ಪಲಿಲ್ಲ. “ನೀವು ಬರೆದ್ರೆ ಆಗಲ್ಲ ಅಂಕಲ್. ನಾನು ಹೇಳಿರಬೇಕು.”

“ನೀನೇ ನಾನು ಬರೆದವನಲ್ಲವೇನೋ?”

“ನನ್ನ ಬರೆದಿರಬಹುದು. ನನ್ನ ಪರವಾಗಿ ನಮಾಜ್ ಮಾಡ್ತೀರಾ?”

ಹೊಡೆದು ಹಾಕಿ ಮೊದಲಿನಂತೆಯೇ ಬಿಟ್ಟೆ.

೫

ಶುಕ್ರವಾರ ಬೆಳಿಗ್ಗೆ ಆಸಿಫ್‌ನ ಹೆಂಡತಿ ದಿಲ್‌ಶಾದ್ ನನ್ನನ್ನು ಹಿಡಿದಳು. (ಇವಳನ್ನು ಕಥೆಗೆ ಇನ್ನೂ ಕರೆದಿರಲಿಲ್ಲ. ತಾನಾಗಿ ಬಂದಳು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು.)

“ಅಂಕಲ್, ಡ್ರೈವ್‌ವೇನಲ್ಲಿ ರಕ್ತ ಇದೆ. ಪಿಕಪ್ ಹಿಂದ್ಗಡೆ. ಒರೆಸಿ ಒಳಗೆ ಬರೋಷ್ಟರಲ್ಲಿ ಮತ್ತೆ ಬಿದ್ದಿರುತ್ತೆ. ನೀವು ಬರೆದಿದ್ದಾ?”

“ಇಲ್ಲಮ್ಮ.”

“ಮತ್ತೆ ಯಾರು ಬರೆದ್ರು?”

ಆಸಿಫ್ ಸೀಟಿನ ಹಿಂದಿನಿಂದ ಬಂದೂಕು ತೆಗೆದ. ರಾತ್ರಿಯಿಡೀ ಕೊರೆಯುವ ಚಳಿಯಲ್ಲಿದ್ದ ಕಬ್ಬಿಣ. ನಳಿಕೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಬಿಸಿ ಇತ್ತು, ಈಗಷ್ಟೇ ಹಾರಿಸಿದ ಹಾಗೆ.

“ಇದನ್ನ ವಾಪಸ್ ಕೊಟ್ಬಿಡು,” ಎಂದಳು ದಿಲ್‌ಶಾದ್.

“ವಾಪಸ್ ಕೊಡೋದನ್ನ ಅಂಕಲ್ ಕಥೆಯಿಂದ್ಲೇ ತೆಗೆದು ಹಾಕಿದಾರೆ,” ಎಂದ ಆಸಿಫ್. ಅವನು ತಮಾಷೆ ಮಾಡುತ್ತಿರಲಿಲ್ಲ.

ಶನಿವಾರ ನಾಷ್ಟಾದ ಹೊತ್ತಿನಲ್ಲಿ ಅವರ ಮಗಳು ದಾನಿಯಾ ಸೀರಿಯಲ್ ಬಟ್ಟಲಿನಿಂದ ತಲೆಯೆತ್ತಿ ಅಜ್ಜನನ್ನು ಕೇಳಿದಳು: “ದಾದಾ, ಇಸ್ ಇಟ್ ಸ್ಟಿಲ್ ವಾಕಿಂಗ್?”

ಮಗುವಿಗೆ ಜಿಂಕೆಯ ವಿಷಯ ಯಾರೂ ಹೇಳಿರಲಿಲ್ಲ. ಫಜಲುಲ್ಲಾರಿಗೆ ಇಂಗ್ಲಿಷ್ ಬಾರದು. ಆದರೂ ಅವರು ತಲೆಯಾಡಿಸಿದರು.

ಕಟ್ಟಿಟ್ಟ ಸೂಟ್‌ಕೇಸುಗಳು ಬಾಗಿಲ ಹತ್ತಿರ ಇದ್ದವು. “ಅದು ಸಿಗೂ ತನಕ ನಾ ವಿಮಾನ ಹತ್ತಂಗಿಲ್ಲ,” ಎಂದರು ಅವರು.

“ಅಬ್ಬಾ, ನಿಮ್ಮ ಆರು ತಿಂಗಳು ಮುಗೀತಾ ಬಂತು. ರೋಜಾ ಶುರುವಾಗುತ್ತೆ. ಅಮ್ಮೀ ಅಲ್ಲಿ ಕಾಯ್ತಿದಾರೆ.”

“ಅದೂ ಕಾಯಾಕತ್ತೇತಿ.”

೬

ದಿಲ್‌ಶಾದ್ ನನಗೆ ಹೇಳಿದಳು: “ಅಂಕಲ್, ನಿಮ್ಮ ಕೈಯಲ್ಲೇ ಇದೆ. ‘ಜಿಂಕೆ ಸತ್ತಿತು’ ಅಂತ ಒಂದು ಲೈನ್ ಬರೀರಿ. ನಮ್ಮನ್ನ ಬಿಟ್ಬಿಡಿ.”

ಬರೆದೆ: ಜಿಂಕೆ ಸತ್ತಿತು.

ದಿಲ್‌ಶಾದ್ ಕಿಟಕಿಯ ಪರದೆ ಸರಿಸಿ ನೋಡಿದಳು. “ಇನ್ನೂ ತೊಟ್ಟಿಕ್ತಾ ಇದೆ.”

ಹಾಗಾದರೆ ಬೇರೆ ಮುಕ್ತಾಯ ನೋಡೋಣ. ಒಂದು: ಪೈನ್ ಮರದ ಬುಡದಲ್ಲಿ ಜಿಂಕೆ ಸಿಗುತ್ತದೆ, ಉಸಿರಾಡುತ್ತಿರುತ್ತದೆ, ಫಜಲುಲ್ಲಾ ಚಾಕು ಹಾಕುತ್ತಾರೆ, ಮಾಂಸ ಹಂಚುತ್ತಾರೆ, ವಿಮಾನ ಹತ್ತುತ್ತಾರೆ. (“ಸಿನಿಮಾದಾಗ ಹಿಂಗ ಆಗತೈತಿ,” ಫಜಲುಲ್ಲಾ.) ಎರಡು: ಗುಂಡು ತಾಗಿಯೇ ಇರಲಿಲ್ಲ, ಎಲ್ಲ ಚಳಿಗೆ ಕಂಡ ಭ್ರಮೆ. (“ನನ್ನ ಕೈ ಸುಟ್ಟಿದೆ, ನೋಡಿ,” ಆಸಿಫ್. ಬೆರಳ ತುದಿಯಲ್ಲಿ ಬೊಕ್ಕೆ ಎದ್ದಿತ್ತು.) ಮೂರು: ಅಪ್ಪನಿಗೆ ಮರೆವಿನ ಕಾಯಿಲೆ, ವಿಮಾನದೊಳಗೆ ಎಲ್ಲ ಮರೆತುಹೋಗುತ್ತದೆ. ಫಜಲುಲ್ಲಾ ನನ್ನನ್ನು ನೋಡಿದ ರೀತಿಗೆ ನಾನೇ ಹರಿದು ಹಾಕಿದೆ.

ದೊಡ್ಡ ಗುಂಡಿನದು ಕೊಂಡಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ನೀವು ಹೇಳಬಹುದು. ನಿಜ. ಜೀವ ಸ್ವಲ್ಪ ಹೊತ್ತು ಉಳಿಯಲಿ ಎಂದು ಆರಿಸಿದ್ದು ಅವರೇ. ಉಳಿದಿದೆ.

೭

ಭಾನುವಾರ ಬೆಳಿಗ್ಗೆ ಸೂಟ್‌ಕೇಸುಗಳನ್ನು ಪಿಕಪ್ಪಿಗೆ ಹಾಕಿದರು. ಏರ್‌ಪೋರ್ಟಿಗೆ ದಕ್ಷಿಣಕ್ಕೆ ತಿರುಗಬೇಕು. ನಾನು ಹಾಗೇ ಬರೆದೆ: ಆಸಿಫ್ ದಕ್ಷಿಣಕ್ಕೆ ತಿರುಗಿಸಿದ.

“ಉತ್ತರಕ್ಕ ತಿರಗಸು,” ಎಂದರು ಫಜಲುಲ್ಲಾ.

“ಅಬ್ಬಾ, ಫ್ಲೈಟ್ ಮಿಸ್ ಆಗುತ್ತೆ.”

“ನಿನ್ನ ಜೋಡಿ ಮಾತಾಡಾಕತ್ತಿಲ್ಲ. ಬರಿಯೋರಿಗೆ ಹೇಳಾಕತ್ತೀನಿ.”

ಹಿರಿಯರು. ತಿದ್ದಿ ಬರೆದೆ.

ಕಾಡಿನ ದಾರಿಯ ಕೊನೆ. ಮೋಡ ಕವಿದ ಮಧ್ಯಾಹ್ನ. ಮೂರು ದಿನದ ಹಿಮದಲ್ಲಿ ಎಲ್ಲ ಮುಚ್ಚಿಹೋಗಿರಬೇಕಿತ್ತು. ಆದರೆ ಇವರು ಪಿಕಪ್ ನಿಲ್ಲಿಸಿದ ಜಾಗದಿಂದ, ಡ್ರೈವರ್ ಬಾಗಿಲ ಹತ್ತಿರದಿಂದಲೇ, ಹೊಸ ಗೊರಸಿನ ಗುರುತು ಶುರುವಾಗಿ ಪೈನ್ ಮರಗಳ ಕಡೆಗೆ ಒಂದೇ ಸಮ ಹೋಗಿತ್ತು.

ಆಸಿಫ್ ಬಂದೂಕಿನ ಚೀಲಕ್ಕೆ ಕೈ ಹಾಕಿದ.

“ಬಂದೂಕು ಬ್ಯಾಡ. ನೀನೂ ಬ್ಯಾಡ. ಇಲ್ಲೇ ಕೂಡು.”

“ಒಬ್ರೇ ಹೋಗ್ತೀರಾ? ಈ ಚಳೀಲಿ? ದಾರಿ ಗೊತ್ತಾ ನಿಮ್ಗೆ?”

“ಅದಕ್ಕ ಗೊತ್ತೈತಲ್ಲ.” ಫಜಲುಲ್ಲಾ ಮಗನ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು ಸರಿಮಾಡಿದರು, ಚಿಕ್ಕವನಿಗೆ ಮಾಡಿದ ಹಾಗೆ. “ಹೀಟರ್ ಹಾಕ್ಕೊ. ಥಂಡಿ ಐತಿ.”

ಆಮೇಲೆ ನನ್ನ ಕಡೆ ತಿರುಗಿದರು. “ನೀವೂ ಬರಬ್ಯಾಡ್ರಿ.”

“ನಾನು ಬರದಿದ್ದರೆ ಮುಂದೆ ಏನಾಯಿತು ಅಂತ ಹೇಗೆ ಬರೆಯಲಿ, ಸಾಹೇಬ್ರೆ?”

“ಬರೀಬ್ಯಾಡ್ರಿ. ನೀವು ಬಂದ್ರ ಅದು ನಿಂದ್ರಂಗಿಲ್ಲ. ನಾಕ ದಿನಾ ಆತು, ಬರದು ಬರದು ನೀವು ನಿಂದ್ರಾಕ ಬಿಟ್ಟೇ ಇಲ್ಲ ಅದನ್ನ.”

ಹೋದರು. ಮರಗಳ ನಡುವೆ ಕಿತ್ತಳೆ ಟೋಪಿ ಸ್ವಲ್ಪ ದೂರ ಕಂಡಿತು. ಒಂದು ಸಲ ನಿಂತು, ಪಕ್ಕದಲ್ಲಿ ಯಾರೋ ಇದ್ದ ಹಾಗೆ ತಲೆ ಬಗ್ಗಿಸಿ ಏನೋ ಅಂದರು. ಮತ್ತೆ ಕಾಣಲಿಲ್ಲ.

ಆಸಿಫ್ ಹೀಟರ್ ಹಾಕಲಿಲ್ಲ. ಕಿಟಕಿ ಇಳಿಸಿಕೊಂಡು ಕೂತ. ಬಹಳ ಹೊತ್ತಾದ ಮೇಲೆ ಕಾಡಿನ ಒಳಗಿನಿಂದ ಒಂದೇ ಒಂದು ಸಲ ‘ಬಿಸ್ಮಿಲ್ಲಾ’ ಎಂದು ಕೇಳಿಸಿತು. ಅಪ್ಪನ ದನಿಯಲ್ಲ. ಆಸಿಫ್‌ನದೇ ದನಿ. ಗುಂಡು ಹಾರಿಸುವವರು ಉಸಿರು ಬಿಗಿಹಿಡಿದು ಹೇಳುವ ಹಾಗಿತ್ತು.

ಅವನು ನನ್ನನ್ನು ಕೇಳಿದ: “ಅಂಕಲ್, ಅದು ಗುರುವಾರದ್ದಾ, ಇವತ್ತಿನದಾ?”

ಗೊತ್ತಿಲ್ಲ ಎಂದೆ. ಅಪ್ಪನ ಹಿಂದೆ ಹೋಗಿ ಹುಡುಕಲು ಅವನಿಗೂ ಅಪ್ಪಣೆಯಿಲ್ಲ, ನನಗೂ ಇಲ್ಲ. ಸಂಜೆಯ ಹೊತ್ತಿಗೆ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ದಿಲ್‌ಶಾದ್ ಕೇಳಿದಳು: “ರಕ್ತ ನಿಂತಿದೆ ಅಂಕಲ್. ಅಬ್ಬಾ ಪ್ಲೇನ್ ಹತ್ತಿದ್ರಾ?”

ಓದುಗರೇ, ನೀವೂ ಅದನ್ನೇ ಕೇಳುತ್ತಿದ್ದೀರಿ. ನನ್ನ ಹತ್ತಿರ ಇನ್ನೂ ಹಾಳೆಗಳಿವೆ. ಮರಗಳ ಆ ಕಡೆಗೆ ಒಂದು ಸಾಲು ಕಳಿಸಿದರೆ ಅವರು ನಡೆಯುತ್ತಿದ್ದಾರೋ, ಕೂತಿದ್ದಾರೋ, ಇಬ್ಬರಲ್ಲಿ ಯಾರ ಉಸಿರು ಉಳಿದಿದೆಯೋ ತಿಳಿಯುತ್ತದೆ. ಕಳಿಸುವುದಿಲ್ಲ. ನಿಂತದ್ದು ನಿಲ್ಲಲಿ.

ಹಾನಗಲ್ಲಿನ ಫಜಲುಲ್ಲಾ, ಚಾಕು ಮಾತ್ರ ತೆಗೆದುಕೊಂಡು ಹೋದರು. ನವೆಂಬರ್ ಇಪ್ಪತ್ತಾರು, ಭಾನುವಾರ.